ಸೈನಿಕರ ರಕ್ಷಣೆ: ಕಮಾಂಡರನ ಹೊಣೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ನಡೆದ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೂ ನಿವೃತ್ತ ಸುಬೇದಾರರೂ ಆದವರು ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ 'ಸೇನೆಗೆ ಸೇರುವುದು ಹೇಗೆ' ಎಂಬುದು. ಎತ್ತರ ಎಷ್ಟಿರಬೇಕು, ಎಷ್ಟು ನಿಮಿಷದಲ್ಲಿ ಓಡಬೇಕು, ಅರ್ಜಿ ಎಲ್ಲಿ ತುಂಬಬೇಕು ಎಂಬುದೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತದೆ. ಅದನ್ನು ಹೇಳಲು ನಾನು ಬೇಕಾಗಿಲ್ಲ. ಊರಿನಲ್ಲಿ ನನ್ನನ್ನು ಜನ ಕೇಳುವ ಪ್ರಶ್ನೆ ಬೇರೆ ಇದೆ. 'ಸುಬೇದಾರ್ರೇ, ಮಗಳು ಅಗ್ನಿವೀರ್‌ಗೆ ಅರ್ಜಿ ಹಾಕ್ತೀನಿ ಅಂತಾಳೆ. ಅಲ್ಲಿ ಹೆಣ್ಣುಮಕ್ಕಳಿಗೆ ಹೇಗೆ?' ಅಂತ. ತಂದೆಯರು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳುತ್ತಾರೆ. ತಾಯಂದಿರು ನನ್ನನ್ನು ಕೇಳುವುದಿಲ್ಲ, ನನ್ನ ಹೆಂಡತಿಯನ್ನು ಕೇಳುತ್ತಾರೆ. ದನಿ ತಗ್ಗಿಸಿ ಕೇಳುವ ಪ್ರಶ್ನೆಗೆ ಇವತ್ತು ಮೈಕಿನಲ್ಲೇ ಉತ್ತರ ಹೇಳೋಣ ಎಂದು ಮುಖ್ಯೋಪಾಧ್ಯಾಯರ ಅನುಮತಿ ಕೇಳಿದೆ. ಅವರು ಒಪ್ಪಿದರು. ಅವರಿಗೆ ನಾನು ಕೃತಜ್ಞ.

ನಮ್ಮ ಸೇನೆಯಲ್ಲಿ ಹೆಣ್ಣುಮಕ್ಕಳು ಅಧಿಕಾರಿಗಳಾಗಿ ಬರಲು ಶುರುವಾದದ್ದು 1992ರಲ್ಲಿ. ದಾದಿಯರು, ವೈದ್ಯರು ಅದಕ್ಕೂ ಮುಂಚಿನಿಂದ ಇದ್ದರು. ಆದರೆ ಸಿಪಾಯಿ ದರ್ಜೆಯಲ್ಲಿ ಹೆಣ್ಣುಮಕ್ಕಳು ಬಂದದ್ದು ತೀರಾ ಈಚೆಗೆ. ಮಿಲಿಟರಿ ಪೊಲೀಸ್ ದಳದ ಮೊದಲ ತಂಡ, 83 ಜನ, ತರಬೇತಿ ಮುಗಿಸಿ ಪ್ರಮಾಣವಚನ ತೆಗೆದುಕೊಂಡದ್ದು 2021ರ ಮೇ 8ರಂದು. ಅದು ನಡೆದದ್ದು ದೂರದ ಊರಿನಲ್ಲಲ್ಲ, ನಮ್ಮ ಬೆಂಗಳೂರಿನಲ್ಲಿ, ಅಲ್ಲಿರುವ ಮಿಲಿಟರಿ ಪೊಲೀಸ್ ತರಬೇತಿ ಕೇಂದ್ರದಲ್ಲಿ. ಈ ಶಾಲೆಯ ಹುಡುಗಿಯೂ ನಾಳೆ ಅದೇ ಮೈದಾನದಲ್ಲಿ ಹೆಜ್ಜೆ ಹಾಕಬಹುದು. ಹಾಕಲಿ ಎಂದೇ ನನ್ನ ಆಸೆ. ಅದಕ್ಕಾಗಿಯೇ ಈ ಮಾತು.

ಸೇನೆಯ ಕೆಲಸ ಬೇರೆ ಕೆಲಸದ ಹಾಗಲ್ಲ. ಗಾರ್ಮೆಂಟ್ಸ್ ಕಾರ್ಖಾನೆಯ ಸೂಪರ್‌ವೈಸರ್ ಕೆಟ್ಟವನಾದರೆ ಹೆಣ್ಣುಮಗಳು ಸಂಜೆ ಮನೆಗಾದರೂ ಬರುತ್ತಾಳೆ. ಸಾಕಾಯಿತೆಂದರೆ ಕೆಲಸ ಬಿಡುತ್ತಾಳೆ. ಅದೂ ಅನ್ಯಾಯವೇ, ಆದರೆ ಒಂದು ಬಾಗಿಲು ಉಂಟು. ಸೇನೆಯಲ್ಲಿ ಆ ಬಾಗಿಲಿಲ್ಲ. ಕೇಳದೆ ಹೊರಟರೆ ಅದು ಅಪರಾಧ. ರಜೆ ಚೀಟಿಗೆ ಸಹಿ ಹಾಕುವವನು, ರಾತ್ರಿ ಪಹರೆಗೆ ಯಾರು ಎಲ್ಲಿ ಎಂದು ಬರೆಯುವವನು, ಬಡ್ತಿಗೆ ವರದಿ ಬರೆಯುವವನು, ಎಲ್ಲರೂ ಒಂದೇ ಏಣಿಯ ಮೇಲೆ ನಿಂತವರು. ದೂರು ಹೋಗಬೇಕಾದದ್ದೂ ಅದೇ ಏಣಿಯ ಮೇಲೆ. ಮಲಗುವುದು, ಉಣ್ಣುವುದು, ಕೆಲಸ ಮಾಡುವುದು ಒಂದೇ ಬೇಲಿಯೊಳಗೆ. ಆದ್ದರಿಂದ ಒಬ್ಬ ಸಿಪಾಯಿಯ ಮೇಲೆ ಜೊತೆಗಾರನೋ ಮೇಲಿನವನೋ ಕೈ ಹಾಕಿದರೆ ತಪ್ಪಿಸಿಕೊಳ್ಳುವ ದಾರಿ ಅವಳ ಕೈಯಲ್ಲಿ ಇರುವುದಿಲ್ಲ. ಆ ದಾರಿಯನ್ನು ಕಿತ್ತುಕೊಂಡದ್ದು ಸೇನೆಯೇ, ಶಿಸ್ತಿನ ಹೆಸರಿನಲ್ಲಿ, ಸರಿಯಾದ ಕಾರಣಕ್ಕೇ. ಕಿತ್ತುಕೊಂಡ ಮೇಲೆ ಕಾಯುವ ಹೊಣೆ ಕಮಾಂಡರನದ್ದು. ಇದು ಅವನು ಮಾಡುವ ಉಪಕಾರ ಅಲ್ಲ.

ಇದಕ್ಕೆ ಒಂದು ದೊಡ್ಡ ಉದಾಹರಣೆ ಅಮೆರಿಕದ್ದು. ಅಮೆರಿಕದ್ದೇ ಏಕೆಂದರೆ, ಅಲ್ಲಿ ಹೆಣ್ಣುಮಕ್ಕಳು ಬಹಳ ಕಾಲದಿಂದ ಸಿಪಾಯಿಗಳಾಗಿದ್ದಾರೆ, ಎಡವಟ್ಟುಗಳೂ ಬಹಳ ಆಗಿವೆ, ಮತ್ತು ಅವರು ತನಿಖಾ ವರದಿಗಳನ್ನು ಮುದ್ರಿಸಿ ಎಲ್ಲರ ಮುಂದೆ ಇಟ್ಟಿದ್ದಾರೆ. ಈ ಕೊನೆಯ ಗುಣ ಕಲಿಯುವಂಥದ್ದು.

ಟೆಕ್ಸಾಸ್ ರಾಜ್ಯದಲ್ಲಿ ಫೋರ್ಟ್ ಹುಡ್ ಎಂಬ ದೊಡ್ಡ ಸೇನಾ ನೆಲೆ ಇದೆ. ಅಲ್ಲಿ ವನೆಸ್ಸಾ ಗಿಯೆನ್ ಎಂಬ ಇಪ್ಪತ್ತು ವರ್ಷದ ಹುಡುಗಿ ಸಿಪಾಯಿಯಾಗಿದ್ದಳು. ಅವಳ ತಂದೆತಾಯಿ ಮೆಕ್ಸಿಕೋ ಮೂಲದವರು. 2020ರ ಏಪ್ರಿಲ್ 22ರಂದು ಅವಳು ಆಯುಧ ಇಡುವ ಕೋಣೆಗೆ, ನಮ್ಮಲ್ಲಿ ಕೋತ್ ಅನ್ನುತ್ತೇವೆ, ಕೆಲಸಕ್ಕೆ ಹೋದವಳು ಮರಳಲಿಲ್ಲ. ಜೂನ್ 30ರಂದು ಒಂದು ನದಿಯ ದಡದಲ್ಲಿ ಹೂತಿಟ್ಟ ಅವಳ ದೇಹದ ಅವಶೇಷ ಸಿಕ್ಕಿತು. ಕೊಂದನೆಂದು ಶಂಕಿಸಲಾದವನು ಅದೇ ರೆಜಿಮೆಂಟಿನ ಸಿಪಾಯಿ. ಪೊಲೀಸರು ಹತ್ತಿರ ಬಂದಾಗ ಗುಂಡು ಹಾರಿಸಿಕೊಂಡು ಸತ್ತ. ಎರಡು ತಿಂಗಳಿಗೂ ಹೆಚ್ಚು ಕಾಲ ಅವಳ ತಾಯಿ, ಅಕ್ಕತಂಗಿಯರು ನೆಲೆಯ ಗೇಟಿನ ಮುಂದೆ ನಿಂತು ನಮ್ಮ ಹುಡುಗಿ ಎಲ್ಲಿ ಎಂದು ಕೇಳುತ್ತಿದ್ದರು. ದಾಖಲೆಯಲ್ಲಿ ಮಾತ್ರ ಮೊದಲು ಅವಳ ಹೆಸರಿನ ಮುಂದೆ ಬರೆದದ್ದು, ಅನುಮತಿ ಇಲ್ಲದೆ ಗೈರುಹಾಜರು ಎಂದು. ಪರ್ಸು, ಗುರುತಿನ ಚೀಟಿ, ಕೋಣೆಯ ಕೀಲಿ ಎಲ್ಲ ಕೆಲಸದ ಜಾಗದಲ್ಲೇ ಬಿಟ್ಟು ಯಾವ ಸಿಪಾಯಿ ಓಡಿಹೋಗುತ್ತಾನೆ, ಹೇಳಿ?

ಅವಳು ಕಾಣೆಯಾಗುವ ಮೊದಲೇ, ನನಗೆ ಲೈಂಗಿಕ ಕಿರುಕುಳ ಆಗುತ್ತಿದೆ ಎಂದು ಮನೆಯವರಿಗೆ ಹೇಳಿದ್ದಳು. ಲಿಖಿತ ದೂರು ಕೊಟ್ಟಿರಲಿಲ್ಲ, ಸೇಡು ತೀರಿಸಿಕೊಳ್ಳುತ್ತಾರೆಂಬ ಭಯ. ಸೇನೆ ಮೊದಲು, ಅಂಥ ಕಿರುಕುಳಕ್ಕೆ ಆಧಾರ ಸಿಕ್ಕಿಲ್ಲ ಎಂದಿತು. ಮರುವರ್ಷ ಏಪ್ರಿಲ್‌ನಲ್ಲಿ ಸೇನೆಯದೇ ವಿವರವಾದ ತನಿಖೆ ಬೇರೆ ಮಾತು ಹೇಳಿತು. ಅವಳ ಮೇಲ್ವಿಚಾರಕನೊಬ್ಬ ಕಿರುಕುಳ ಕೊಟ್ಟದ್ದು ನಿಜ, ವಿಷಯ ಘಟಕದ ನಾಯಕರ ಕಿವಿಗೆ ಬಿದ್ದಿತ್ತು, ಅವರು ಏನೂ ಮಾಡಲಿಲ್ಲ. ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಕಿರುಕುಳ ಕೊಟ್ಟವನು ಬೇರೆ, ಕೊಂದವನು ಬೇರೆ. ಎರಡಕ್ಕೂ ಸಂಬಂಧವಿಲ್ಲವೆಂದೇ ತನಿಖೆ ಹೇಳಿತು. ಅದರಿಂದ ನಾಯಕರ ತಪ್ಪೇನೂ ಕಡಿಮೆಯಾಗುವುದಿಲ್ಲ. ಕೊಲೆ ಆಗದೇ ಇದ್ದಿದ್ದರೆ ಅವಳ ಕಿರುಕುಳದ ಮಾತು ಹೊರಗೇ ಬರುತ್ತಿರಲಿಲ್ಲ ಎಂಬುದು ಇನ್ನೂ ಭಯಂಕರ.

ಆಮೇಲೆ ಸೇನೆಯ ಹೊರಗಿನವರನ್ನೇ ಸೇರಿಸಿ ಐದು ಜನರ ಸ್ವತಂತ್ರ ಸಮಿತಿ ಮಾಡಿದರು. 31,000ಕ್ಕೂ ಹೆಚ್ಚು ಜನ ಪ್ರಶ್ನಾವಳಿಗೆ ಉತ್ತರ ಕೊಟ್ಟರು. ಸಮಿತಿಯವರು ನೂರಾರು ಸೈನಿಕರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮಾತಾಡಿಸಿದರು, ಅವರಲ್ಲಿ 503 ಮಂದಿ ಹೆಂಗಸರು. ಈ ಮಾತುಕತೆಯಲ್ಲಿ ಲೈಂಗಿಕ ದೌರ್ಜನ್ಯದ ನಂಬತಕ್ಕ 93 ಪ್ರಸಂಗಗಳು ಸಿಕ್ಕವು. ದೂರು ದಾಖಲಾಗಿದ್ದದ್ದು 59 ಮಾತ್ರ. ಉಳಿದ 34? ಅವುಗಳನ್ನು ಅನುಭವಿಸಿದವರು ಬೆಳಿಗ್ಗೆ ಎದ್ದು, ಬೂಟು ಹೊಳೆಯಿಸಿ, ಅದೇ ಸಾಲಿನಲ್ಲಿ ನಿಂತು ಹಾಜರಿ ಹೇಳುತ್ತಿದ್ದರು. ಸಮಿತಿ ಕರೆದು ಕೂರಿಸುವ ತನಕ ಯಾರೂ ಕೇಳಿರಲಿಲ್ಲ.

ಕಿರುಕುಳ ತಡೆಯಲೆಂದೇ ಅಲ್ಲಿ ಒಂದು ಕಾರ್ಯಕ್ರಮ ಇತ್ತು. ಪೋಸ್ಟರ್ ಇತ್ತು, ಸಹಾಯವಾಣಿ ಇತ್ತು, ವರ್ಷಕ್ಕೊಮ್ಮೆ ತರಬೇತಿ ಇತ್ತು. ಕಾಗದದ ಮೇಲೆ ಎಲ್ಲ ಸರಿ. ಸಮಿತಿ 2020ರ ಡಿಸೆಂಬರ್ 8ರಂದು ವರದಿ ಪ್ರಕಟಿಸಿ ಹೇಳಿದ್ದೇನೆಂದರೆ, ನೆಲೆಯ ಹಿರಿಯ ನಾಯಕರಿಗೆ ಈ ಕಾರ್ಯಕ್ರಮ ಮುಖ್ಯ ಅನ್ನಿಸಿರಲೇ ಇಲ್ಲ, ಆದ್ದರಿಂದ ಅದು ಕೆಳಗಿನ ಸಿಪಾಯಿಯ ತನಕ ಇಳಿಯಲೇ ಇಲ್ಲ. ದೂರು ಕೊಟ್ಟರೆ ಗುಟ್ಟು ಉಳಿಯುವುದಿಲ್ಲ, ಜೊತೆಗಾರರು ದೂರ ಮಾಡುತ್ತಾರೆ, ಭವಿಷ್ಯ ಹಾಳಾಗುತ್ತದೆ ಎಂಬ ಭಯ ಗಟ್ಟಿಯಾಗಿತ್ತು. ನಾನು ಇಪ್ಪತ್ತಾರು ವರ್ಷ ಸೇನೆಯಲ್ಲಿದ್ದವನು, ಈ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಸಿಓ ಸಾಹೇಬರು ಯಾವ ಫೈಲನ್ನು ಎರಡು ಸಲ ಕೇಳುತ್ತಾರೋ ಅದು ಓಡುತ್ತದೆ. ಯಾವುದನ್ನು ಕೇಳುವುದಿಲ್ಲವೋ ಅದು ಕಪಾಟಿನಲ್ಲಿ ಮಲಗುತ್ತದೆ.

ಅದೇ ದಿನ ಅಮೆರಿಕದ ಭೂಸೇನೆಯ ನಾಗರಿಕ ಮುಖ್ಯಸ್ಥ ರಯಾನ್ ಮೆಕಾರ್ಥಿ ಅವರು 14 ಮಂದಿ ನಾಯಕರನ್ನು ಹುದ್ದೆಯಿಂದ ತೆಗೆದದ್ದನ್ನು ಅಥವಾ ಅಮಾನತಿನಲ್ಲಿಟ್ಟದ್ದನ್ನು ಪ್ರಕಟಿಸಿದರು. ಮೇಜರ್ ಜನರಲ್ ದರ್ಜೆಯವರು ಇದ್ದರು, ವನೆಸ್ಸಾಳ ರೆಜಿಮೆಂಟಿನ ಕರ್ನಲ್ ಇದ್ದರು, ಅದರ ಕಮಾಂಡ್ ಸಾರ್ಜೆಂಟ್ ಮೇಜರ್, ಅಂದರೆ ಹೆಚ್ಚುಕಡಿಮೆ ನಮ್ಮ ಸುಬೇದಾರ್ ಮೇಜರ್ ಇದ್ದಂತೆ, ಅವರೂ ಇದ್ದರು. ಇವರಲ್ಲಿ ಯಾರೂ ಕೊಂದವರಲ್ಲ. ತಮ್ಮ ಕೈಕೆಳಗೆ ಏನು ನಡೆಯುತ್ತಿದೆ ಎಂಬುದನ್ನು ನೋಡದೆ ಹೋದದ್ದಕ್ಕೆ ಹುದ್ದೆ ಹೋಯಿತು. ಇನ್ನೊಂದು ಸಣ್ಣ ಬದಲಾವಣೆಯನ್ನೂ ಮಾಡಿದರು, ನನಗೆ ಅದು ಬಹಳ ದೊಡ್ಡದು ಅನ್ನಿಸುತ್ತದೆ. ಸಿಪಾಯಿ ಹಾಜರಿಗೆ ಬಾರದಿದ್ದರೆ ಮೊದಲ 48 ಗಂಟೆ ಅವನನ್ನು ಓಡಿಹೋದವನೆಂದು ಬರೆಯುವಂತಿಲ್ಲ. ಎಲ್ಲಿದ್ದಾನೆಂದು ತಿಳಿದಿಲ್ಲ ಎಂದು ಬರೆದು, ಅಷ್ಟರೊಳಗೆ ಹುಡುಕಬೇಕು, ಮನೆಯವರಿಗೆ ತಿಳಿಸಬೇಕು.

ಈಗ ಕೆಲವರು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರಬಹುದು, ಇದಕ್ಕೇ ಹೆಣ್ಣುಮಕ್ಕಳನ್ನು ಸೇನೆಗೆ ಕಳಿಸಬಾರದು ಎಂದು. ಅವರಿಗೊಂದು ಲೆಕ್ಕ ಹೇಳುತ್ತೇನೆ. ಅಮೆರಿಕದ ರಕ್ಷಣಾ ಇಲಾಖೆ ಸೈನಿಕರ ನಡುವೆ ಹೆಸರಿಲ್ಲದ ಸಮೀಕ್ಷೆ ಮಾಡುತ್ತದೆ. 2018ರ ಸಮೀಕ್ಷೆಯ ಅಂದಾಜಿನಂತೆ ಆ ವರ್ಷ ಸುಮಾರು 20,500 ಸೈನಿಕರು ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು. ಅದರಲ್ಲಿ ಹೆಂಗಸರು ಸುಮಾರು 13,000. ಉಳಿದ ಸುಮಾರು 7,500 ಜನ ಗಂಡಸರು! ಹೊಸದಾಗಿ ಸೇರಿದ, ಮೀಸೆ ಚಿಗುರದ ಹುಡುಗರು, ದೈನ್ಯದಿಂದ ಬಾಯಿ ಮುಚ್ಚಿಕೊಂಡವರು. ಅವರು ಹೇಳುವುದು ಇನ್ನೂ ಕಷ್ಟ, ಏಕೆಂದರೆ ಕೇಳಿದವರು ನಗುತ್ತಾರೆ. ಮಗನನ್ನು ಕಳಿಸುವಾಗ ಯಾರೂ ನನ್ನನ್ನು ಪಕ್ಕಕ್ಕೆ ಕರೆದು ಈ ಪ್ರಶ್ನೆ ಕೇಳಿಲ್ಲ. ಕೇಳಬೇಕು.

ನನ್ನ ಸೇವೆಯಲ್ಲಿ ಒಬ್ಬ ಸಿಓ ಸಾಹೇಬರಿದ್ದರು. ಚಾರ್ಜ್ ತೆಗೆದುಕೊಂಡ ವಾರದಲ್ಲೇ ದರ್ಬಾರಿನಲ್ಲಿ ಒಂದು ಆಜ್ಞೆ ಹೇಳಿದರು. ಹೊಸದಾಗಿ ಬಂದ ಹುಡುಗರನ್ನು ಯಾರೂ ಸ್ವಂತ ಕೆಲಸಕ್ಕೆಂದು ಒಬ್ಬೊಬ್ಬರನ್ನಾಗಿ ತಮ್ಮ ಕೋಣೆಗೆ ಕರೆಸುವಂತಿಲ್ಲ, ಕತ್ತಲಾದ ಮೇಲಂತೂ ಯಾವ ನೆಪಕ್ಕೂ ಇಲ್ಲ. ಕಾರಣ ಹೇಳಲಿಲ್ಲ. ಹಳಬರಿಗೆ ಕಾರಣ ಬೇಕಾಗಿಯೂ ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಹೇಳದೆ ಕೇಳದೆ ಪಹರೆಯ ಜಾಗಕ್ಕೆ, ಬ್ಯಾರಕ್ಕಿಗೆ ನಡೆದು ಬರುತ್ತಿದ್ದರು. ಲಂಗರ್‌ನಲ್ಲಿ ಹುಡುಗರ ಪಕ್ಕ ತಟ್ಟೆ ಹಿಡಿದು ಕೂತು ಊರಿನ ಸುದ್ದಿ ಕೇಳುತ್ತಿದ್ದರು. ಅವರ ಕಾಲದಲ್ಲಿ ರಜೆಯಿಂದ ಮರಳಲು ತಡಮಾಡುವವರು ಕಡಿಮೆಯಾದರು. ಇದನ್ನು ನಾನು ಲೆಕ್ಕ ಬರೆಯುತ್ತಿದ್ದವನಾಗಿ ಹೇಳುತ್ತಿದ್ದೇನೆ. ಕಾನೂನಿನ ಪುಸ್ತಕ ಅವರ ಕಾಲದಲ್ಲೂ ಅದೇ, ಅವರ ಹಿಂದಿನವರ ಕಾಲದಲ್ಲೂ ಅದೇ.

ಅಧಿಕಾರಿಗಳು ತಯಾರಾಗುವ ಡೆಹ್ರಾಡೂನಿನ ಅಕಾಡೆಮಿಯಲ್ಲಿ ಚೆಟ್‌ವುಡ್ ಸಭಾಂಗಣವಿದೆ. ದೇಶದ ಕ್ಷೇಮ ಮೊದಲು, ನಿನ್ನ ಕೈಕೆಳಗಿನವರ ಮಾನ, ಯೋಗಕ್ಷೇಮ ಆಮೇಲೆ, ನಿನ್ನ ಸುಖ ಎಲ್ಲಕ್ಕಿಂತ ಕೊನೆಗೆ ಎಂಬ ಅರ್ಥದ ಮಾತು ಅಲ್ಲಿ ಕೆತ್ತಿದೆ. ಅದರಲ್ಲಿ ಸಿಪಾಯಿಯ ಮಾನವೂ ಅಧಿಕಾರಿಯ ಹೊಣೆಯ ಪಟ್ಟಿಯಲ್ಲೇ ಇದೆ ಎಂಬುದನ್ನು ಗಮನಿಸಿ. ಅಂದಹಾಗೆ, ಮಾನ ಎಂಬ ಪದವನ್ನು ನಾವು ಊರಿನಲ್ಲಿ ತಿರುಗುಮುರುಗು ಬಳಸುತ್ತೇವೆ. ಹಲ್ಲೆಗೆ ಒಳಗಾದವಳ ಮಾನ ಹೋಯಿತು ಅನ್ನುತ್ತೇವೆ. ಹಲ್ಲೆ ಮಾಡಿದವನ ಮಾನ ಹೋಗುವುದಿಲ್ಲವೋ? ಅದನ್ನು ಮುಚ್ಚಿಹಾಕಿದ ಸಾಹೇಬನದ್ದು?

ಮುಚ್ಚಿಹಾಕುವುದು ಹೊಸದೂ ಅಲ್ಲ. 1991ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನೌಕಾಪಡೆಯ ವಿಮಾನ ಚಾಲಕರು ಲಾಸ್ ವೇಗಸ್‌ನ ಹೋಟೆಲೊಂದರಲ್ಲಿ 'ಟೇಲ್‌ಹುಕ್' ಎಂಬ ಸಮಾವೇಶ ಸೇರಿದ್ದರು. ಅಲ್ಲಿ 83 ಹೆಂಗಸರು, 7 ಗಂಡಸರು ದೌರ್ಜನ್ಯಕ್ಕೆ ಒಳಗಾದರೆಂದು ಕೊನೆಗೆ ತನಿಖೆ ಹೇಳಿತು. ಪೌಲಾ ಕಾಫ್ಲಿನ್ ಎಂಬ ಹೆಲಿಕಾಪ್ಟರ್ ಚಾಲಕಿ, ತಾನೇ ಒಬ್ಬ ಅಡ್ಮಿರಲರ ಸಹಾಯಕಿಯಾಗಿದ್ದವಳು, ತನ್ನ ಸಾಹೇಬರಿಗೇ ಹೇಳಿದರೂ ಕೆಲಸ ಆಗಲಿಲ್ಲ. ಆಮೇಲೆ ಪತ್ರಿಕೆಯವರ ಮುಂದೆ ಹೆಸರು ಹೇಳಿಯೇ ಮಾತಾಡಿದಳು. ನೌಕಾಪಡೆಯ ನಾಗರಿಕ ಮುಖ್ಯಸ್ಥರೇ 1992ರ ಜೂನ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. 1996ರಲ್ಲಿ ಮೇರಿಲ್ಯಾಂಡ್ ರಾಜ್ಯದ ಅಬರ್ಡೀನ್ ಎಂಬ ನೆಲೆಯಲ್ಲಿ ತರಬೇತಿಗೆ ಬಂದ ಹುಡುಗಿಯರ ಮೇಲೆ ಡ್ರಿಲ್ ಸಾರ್ಜೆಂಟರೇ, ಅಂದರೆ ನಾವು ಉಸ್ತಾದ್ ಎಂದು ಕರೆಯುವವರೇ, ಎರಗಿದ್ದು ಹೊರಬಂತು. ಒಬ್ಬ ಉಸ್ತಾದನಿಗೆ 25 ವರ್ಷ ಜೈಲಾಯಿತು. ಹುಡುಗಿ ಕೂಗಲಿಲ್ಲವಲ್ಲ, ಒಪ್ಪಿಗೆ ಇತ್ತಲ್ಲ ಎಂಬ ವಾದ ಅಲ್ಲಿ ಬಂತು. ಉಸ್ತಾದನ ಮುಂದೆ ನಿಂತ ರಂಗ್ರೂಟಿನ ಒಪ್ಪಿಗೆ ಎಂದರೇನು ಎಂಬುದು ಸೇನೆಯಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಲ್ಲು ಎಂದರೆ ನಿಲ್ಲಬೇಕು, ಕೂರು ಎಂದರೆ ಕೂರಬೇಕು. ಅದನ್ನೇ ಆರು ತಿಂಗಳು ಕಲಿಸಿರುತ್ತಾರೆ.

ಭಾಷಣ ಮಾಡುವ ಜನರಲ್ಲುಗಳನ್ನೂ ಪೂರ್ತಿ ನಂಬಬೇಡಿ. ಕೆನಡಾ ದೇಶದಲ್ಲಿ 2015ರಲ್ಲಿ ನಿವೃತ್ತ ನ್ಯಾಯಮೂರ್ತಿ ಮರಿ ಡೆಶಾಂಪ್ ಅವರು ಸೇನೆಯೊಳಗಿನ ಲೈಂಗಿಕ ಕಿರುಕುಳದ ಬಗ್ಗೆ ಕಟು ವರದಿ ಕೊಟ್ಟರು. ಅದೇ ವರ್ಷ ಸೇನಾ ಮುಖ್ಯಸ್ಥರಾದ ಜನರಲ್ ಜೊನಾಥನ್ ವ್ಯಾನ್ಸ್ ಅದನ್ನು ಬೇರುಸಹಿತ ಕೀಳುತ್ತೇನೆಂದು ದೊಡ್ಡ ಕಾರ್ಯಾಚರಣೆ ಶುರುಮಾಡಿದರು. ನಿವೃತ್ತಿಯಾದ ಮೇಲೆ ಅವರ ಮೇಲೇ ಅನುಚಿತ ವರ್ತನೆಯ ಆರೋಪ ಬಂತು. 2022ರಲ್ಲಿ ಅವರು ನ್ಯಾಯಕ್ಕೆ ಅಡ್ಡಿಪಡಿಸಿದ ತಪ್ಪನ್ನು ಕೋರ್ಟಿನಲ್ಲಿ ಒಪ್ಪಿಕೊಂಡರು. ಇದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ.

ಅಮೆರಿಕದಲ್ಲಿ ಬಹಳ ವರ್ಷ ನಡೆದ ಒಂದು ವಾದವಿದೆ. ದೌರ್ಜನ್ಯದ ಮೊಕದ್ದಮೆ ನಡೆಸಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ಕಮಾಂಡರನ ಕೈಯಲ್ಲಿತ್ತು. ಅವನು ವಕೀಲನಲ್ಲ. ಆರೋಪಿಯೂ ಅವನ ಕೈಕೆಳಗಿನವನೇ, ಒಮ್ಮೊಮ್ಮೆ ಅವನ ಬಲಗೈ ಬಂಟ. ಈ ಅಧಿಕಾರವನ್ನು ತೆಗೆಯಬೇಕೆಂದು ಸೆನೆಟರ್ ಕರ್ಸ್ಟನ್ ಜಿಲಿಬ್ರಾಂಡ್ 2013ರಿಂದ ಹಟ ಹಿಡಿದರು. ತೆಗೆದರೆ ಶಿಸ್ತು ಕುಸಿಯುತ್ತದೆ ಎಂದು ಜನರಲ್ಲುಗಳು ವಿರೋಧಿಸಿದರು. ವನೆಸ್ಸಾಳ ಸಾವಿನ ನಂತರ ಗಾಳಿ ತಿರುಗಿತು. 2021ರ ಡಿಸೆಂಬರ್‌ನಲ್ಲಿ ಕಾನೂನಾಯಿತು, 2023ರ ಡಿಸೆಂಬರ್ 28ರಿಂದ ಅತ್ಯಾಚಾರ, ಕೊಲೆಯಂಥ ಪ್ರಕರಣಗಳ ತೀರ್ಮಾನ ಸ್ವತಂತ್ರ ಮಿಲಿಟರಿ ವಕೀಲರ ಕಚೇರಿಗೆ ಹೋಯಿತು. ನನ್ನ ಅಭಿಪ್ರಾಯ ಕೇಳಿದರೆ, ಇದು ಸರಿ. ಆದರೆ ಇದರಿಂದ ಕಮಾಂಡರನ ಹೊಣೆ ಇಳಿಯಿತೆಂದು ತಿಳಿಯುವವರು ದಡ್ಡರು. ವಕೀಲ ಬರುವುದು ಆಗಬಾರದ್ದು ಆದ ಮೇಲೆ. ಆಗದ ಹಾಗೆ ನೋಡಿಕೊಳ್ಳುವವನು ಅಲ್ಲೇ ಇರುವವನು. ರಾತ್ರಿ ಹನ್ನೊಂದಕ್ಕೆ ಬ್ಯಾರಕ್ಕಿನಲ್ಲಿ ಕೆಟ್ಟ ತಮಾಷೆ ನಡೆಯುವಾಗ ಅಲ್ಲಿರುವುದು ಹವಾಲ್ದಾರ. ಅವನು ನಕ್ಕು ಸುಮ್ಮನಾದರೆ ಅದೇ ಮರುದಿನದ ನಿಯಮ.

ಇನ್ನು ನಮ್ಮಲ್ಲಿ ಏನಿದೆ? ತಂದೆತಾಯಿ, ಮಕ್ಕಳು ಇದನ್ನು ಮನಸ್ಸಿಟ್ಟು ಕೇಳಬೇಕು.

1950ರ ಸೇನಾ ಕಾಯ್ದೆಯ 26ನೆಯ ಕಲಂ ಪ್ರಕಾರ ಯಾವ ಸಿಪಾಯಿಯಾದರೂ ತನಗೆ ಮೇಲಿನವನಿಂದ ಅನ್ಯಾಯವಾಗಿದ್ದರೆ ತನ್ನ ಕಂಪನಿ ಕಮಾಂಡರಿಗೆ ದೂರು ಕೊಡಬಹುದು. ಆ ಕಮಾಂಡರನ ಮೇಲೆಯೇ ದೂರು ಇದ್ದರೆ? ಅದಕ್ಕೂ ಆ ಕಲಮಿನಲ್ಲೇ ಉತ್ತರವಿದೆ. ಅವನನ್ನು ದಾಟಿ ಅವನ ಮೇಲಿನ ಅಧಿಕಾರಿಗೆ ನೇರವಾಗಿ ಕೊಡಬಹುದು. ಇದು ಶಿಸ್ತುಭಂಗ ಅಲ್ಲ, ಹಕ್ಕು. ಇದನ್ನು ತಿಳಿಯದ ಸಿಪಾಯಿಗಳನ್ನು ನಾನು ಬಹಳ ಕಂಡಿದ್ದೇನೆ. 47ನೆಯ ಕಲಂ ಕೈಕೆಳಗಿನವರನ್ನು ಹಿಂಸಿಸಿದ ಅಧಿಕಾರಿಗೆ, ಜೆಸಿಓಗೆ, ಹವಾಲ್ದಾರನಿಗೆ ಏಳು ವರ್ಷದ ತನಕ ಶಿಕ್ಷೆ ಇಟ್ಟಿದೆ. 46ನೆಯ ಕಲಂ ಅಸಭ್ಯ ನಡತೆಗೂ ಅಷ್ಟೇ ಇಟ್ಟಿದೆ. ಈ ಕಲಮುಗಳು ಹುಡುಗರಿಗೂ ರಕ್ಷಣೆ ಕೊಡುತ್ತವೆ.

ಹೆಣ್ಣುಮಕ್ಕಳಿಗೆ ಇದರ ಜೊತೆಗೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆ. ಸಮಿತಿಯ ಅಧ್ಯಕ್ಷೆ ಹೆಂಗಸೇ ಆಗಿರಬೇಕು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಹೆಂಗಸರಿರಬೇಕು, ಹೊರಗಿನವರೊಬ್ಬರು ಇರಬೇಕು. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಬರೆಯಲು ಆಗದಿದ್ದರೆ ಬರೆಸಿಕೊಡುವುದು ಸಮಿತಿಯ ಕೆಲಸ. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ಹೆಸರು ಹೊರಗೆ ಬಿಡಬಾರದು. ವಿಚಾರಣೆ ನಡೆಯುವಾಗ ಆರೋಪಿಯನ್ನೋ ಅವಳನ್ನೋ ಬೇರೆಡೆಗೆ ಕಳಿಸಿ ಎಂದು ಅವಳು ಬರೆದು ಕೇಳಬಹುದು. ಒಂದೇ ಬೇಲಿಯೊಳಗೆ ಬದುಕುವವರಿಗೆ ಈ ಕೊನೆಯದು ಎಲ್ಲಕ್ಕಿಂತ ದೊಡ್ಡದು. ನಮ್ಮಲ್ಲಿ ದೊಡ್ಡವರಿಗೂ ಬಿಸಿ ಮುಟ್ಟಿದ್ದುಂಟು. 2018ರ ಡಿಸೆಂಬರ್‌ನಲ್ಲಿ, ಕಿರಿಯ ಅಧಿಕಾರಿಗೆ ಕಿರುಕುಳ ಕೊಟ್ಟ ಆರೋಪದಲ್ಲಿ ಮೇಜರ್ ಜನರಲ್ ಒಬ್ಬರನ್ನು ಸೇವೆಯಿಂದ ವಜಾ ಮಾಡಲು ಕೋರ್ಟ್ ಮಾರ್ಷಲ್ ಶಿಫಾರಸು ಮಾಡಿತು.

ಆದರೆ ಅಮೆರಿಕದವರು ಬಿಟ್ಟುಕೊಟ್ಟ ಅಧಿಕಾರ ನಮ್ಮಲ್ಲಿ ಇನ್ನೂ ಕಮಾಂಡರನ ಕೈಯಲ್ಲೇ ಇದೆ. ಪೊಲೀಸ್ ಕೋರ್ಟಿಗೂ ಕೋರ್ಟ್ ಮಾರ್ಷಲ್‌ಗೂ ಎರಡಕ್ಕೂ ಅಧಿಕಾರವಿರುವ ಅಪರಾಧವನ್ನು ಎಲ್ಲಿ ನಡೆಸಬೇಕೆಂದು ಡಿವಿಷನ್, ಕೋರ್ ಮಟ್ಟದ ಕಮಾಂಡರ್ ಮೊದಲು ತೀರ್ಮಾನಿಸುತ್ತಾನೆ. ಅದು 125ನೆಯ ಕಲಂ. ಕೋರ್ಟ್ ಮಾರ್ಷಲ್ ತೀರ್ಪು ಕೊಟ್ಟರೂ ಮೇಲಿನವರು ದೃಢಪಡಿಸುವ ತನಕ ಅದು ಜಾರಿಯಾಗುವುದಿಲ್ಲ. ಸಿಪಾಯಿ ದರ್ಜೆಯ ಹೆಣ್ಣುಮಕ್ಕಳು ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ಇದು ಚರ್ಚೆಯಾಗಬೇಕು. ಸೇನೆಯನ್ನು ಪ್ರೀತಿಸುವವರೇ ಈ ಚರ್ಚೆ ಎತ್ತಬೇಕು. ಸೇನೆಯ ಬಗ್ಗೆ ಪ್ರಶ್ನೆ ಕೇಳಿದರೆ ದೇಶದ್ರೋಹ ಅನ್ನುವವರಿಗೆ ನಾನು ನನ್ನ ಪಿಂಚಣಿ ಪುಸ್ತಕ ತೋರಿಸುತ್ತೇನೆ.

ಹಾಗಾದರೆ ಮಗಳನ್ನು ಕಳಿಸಬೇಕೋ ಬೇಡವೋ? ಕಳಿಸಿ. ಕಳಿಸುವಾಗ 'ನಮ್ಮ ಮನೆತನದ ಹೆಸರು ಉಳಿಸು' ಎಂಬ ಒಂದು ಮಾತನ್ನು ಮಾತ್ರ ಹೇಳಬೇಡಿ. ಏನಾದರೂ ಆದ ದಿನ ಆ ಮಾತೇ ಅವಳ ಬಾಯಿ ಕಟ್ಟುತ್ತದೆ. 'ಏನಾದರೂ ಆದರೆ ಮೊದಲು ನಮಗೆ ಹೇಳು, ತಪ್ಪು ನಿನ್ನದಲ್ಲ' ಅನ್ನಿ. ಮಗನಿಗೂ ಅದನ್ನೇ ಅನ್ನಿ. ಫೋನಿನಲ್ಲಿ ದನಿ ಬದಲಾದರೆ ಕೇಳಿ. ನಾಲ್ಕು ಸಲ ಕೇಳಿ.

ಈ ವರ್ಷ ಅರ್ಜಿ ಹಾಕುವ ಮಕ್ಕಳು ಊಟವಾದ ಮೇಲೆ ಎಂಟನೇ ತರಗತಿಯ ಕೋಣೆಗೆ ಬನ್ನಿ. ಸೇನಾ ಕಾಯ್ದೆಯ ಆ ಕಲಮುಗಳನ್ನು, 2013ರ ಕಾಯ್ದೆಯ ಮುಖ್ಯ ಭಾಗಗಳನ್ನು ಕನ್ನಡದಲ್ಲಿ ಬರೆದು ನಲವತ್ತು ಪ್ರತಿ ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದೇನೆ. ತಂದೆತಾಯಿಯರೂ ಬರಬಹುದು. ಓಟದ ಸಮಯ, ಎತ್ತರ, ತೂಕದ ವಿವರವೂ ಅದರ ಹಿಂದಿನ ಪುಟದಲ್ಲಿದೆ.